ತಂಪು ನೆಲದಲ್ಲಿ ತಾಯ್ನೆಲದ ಬೆಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಚ್ಚನೆಯ ನಾಡಿನಲ್ಲಿ ಹುಟ್ಟಿ ಬೆಳೆದು, ಈಗ ವರ್ಷದ ಅರ್ಧ ಕಾಲ ಮಣ್ಣು ಕೊರೆಯುವ ಪ್ರದೇಶಗಳಲ್ಲಿ ನೆಲೆಸಿರುವ ಓದುಗರ ಪತ್ರಗಳು ಈ ಸಲ ಹೆಚ್ಚಾಗಿ ಬಂದಿವೆ. ಬಹುತೇಕ ಎಲ್ಲರೂ ತಮ್ಮ ಗಿಡಗಳು ‘ಚಳಿಗೆ ಸೋತವು’ ಎಂದೇ ಬರೆದಿದ್ದಾರೆ. ಆ ಪತ್ರಗಳನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು ಇಷ್ಟು: ಒಂದು ಗಿಡಕ್ಕೆ ಬೇರಿನ ಬಳಿ ಬಿಸುಪು ಸಾಲದಾಗಿದೆ, ಇನ್ನೊಂದಕ್ಕೆ ಕತ್ತಲೆ ಸಾಲದಾಗಿದೆ, ಮತ್ತೊಂದಕ್ಕೆ ಪರಾಗ ತಂದುಕೊಡುವ ಕೀಟವೇ ಇಲ್ಲ. ಕೊರತೆ ಯಾವುದೆಂದು ತಿಳಿಯದೆ ಎಲ್ಲ ಗಿಡಗಳಿಗೂ ಒಂದೇ ಮದ್ದು ಮಾಡಿದರೆ ಗಿಡವೂ ಉಳಿಯುವುದಿಲ್ಲ, ಬೆಳೆಸುವವರ ಉತ್ಸಾಹವೂ ಉಳಿಯುವುದಿಲ್ಲ. ಆದ್ದರಿಂದ ಪ್ರಶ್ನೆಗಳನ್ನು ಒಂದೊಂದಾಗಿಯೇ ನೋಡೋಣ.

ಪ್ರಶ್ನೆ: ಎರಡು ವರ್ಷಗಳಿಂದ ಬೆಂಡೆ ಬಿತ್ತುತ್ತಿದ್ದೇನೆ. ಮೇ ತಿಂಗಳ ಮೊದಲ ವಾರದಲ್ಲಿ ಹಗಲಿನ ಉಷ್ಣಾಂಶ 20 ಡಿಗ್ರಿ ಇದ್ದರೂ ಬೀಜಗಳು ಮಣ್ಣಿನಲ್ಲೇ ಕೊಳೆತುಹೋದವು. ಬದನೆ ಮತ್ತು ಮೆಣಸಿನಕಾಯಿಯ ಸಸಿಗಳು ಬದುಕಿದರೂ ತಿಂಗಳುಗಟ್ಟಲೆ ಬೆಳೆಯದೆ ನಿಂತುಬಿಟ್ಟವು. ಇದು ಬೀಜದ ದೋಷವೇ?

ಉತ್ತರ: ಬೀಜದ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಹತ್ತು ಬೀಜಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒದ್ದೆ ಕಾಗದದಲ್ಲಿ ಸುತ್ತಿ, ಮನೆಯೊಳಗಿನ ಬೆಚ್ಚನೆಯ ಜಾಗದಲ್ಲಿ ಇಡಿ. ನಾಲ್ಕೈದು ದಿನಗಳಲ್ಲಿ ಏಳೆಂಟು ಬೀಜಗಳಾದರೂ ಮೊಳೆತರೆ ಬೀಜದಲ್ಲಿ ದೋಷವಿಲ್ಲ. ದೋಷ ಮಣ್ಣಿನ ಬಿಸುಪಿನಲ್ಲಿದೆ.

ಹವಾಮಾನ ವರದಿ ಹೇಳುವುದು ಗಾಳಿಯ ಉಷ್ಣಾಂಶವನ್ನು. ಚಳಿಗಾಲವೆಲ್ಲ ತಣ್ಣಗಾಗಿದ್ದ ನೆಲ ಕಾಯುವುದಕ್ಕೆ ಗಾಳಿಗಿಂತ ಎಷ್ಟೋ ವಾರ ಹೆಚ್ಚು ಬೇಕು. ಮಧ್ಯಾಹ್ನ ಅಂಗಿಯ ತೋಳು ಮಡಚುವಷ್ಟು ಬಿಸಿಲಿರುವ ದಿನವೂ, ಬೆಳಗಿನ ಹೊತ್ತು ಐದಾರು ಸೆಂಟಿಮೀಟರ್ ಆಳದಲ್ಲಿ ಮಣ್ಣು ಹತ್ತು ಹನ್ನೆರಡು ಡಿಗ್ರಿಯಷ್ಟೇ ಇರಬಹುದು. ಬೆಂಡೆಬೀಜಕ್ಕೆ ಕನಿಷ್ಠ 18 ಡಿಗ್ರಿ ಬೇಕು, ಅದು ಹಿಗ್ಗಿ ಮೊಳೆಯುವುದು 25ರಿಂದ 32 ಡಿಗ್ರಿಯ ನಡುವೆ. ಅದಕ್ಕಿಂತ ತಣ್ಣನೆಯ, ಒದ್ದೆಯ ಮಣ್ಣಿನಲ್ಲಿ ಬೀಜ ನೀರು ಕುಡಿದು ಊದಿಕೊಳ್ಳುತ್ತದೆ, ಆದರೆ ಮೊಳಕೆ ಹೊರಡಲಾರದೆ ಕಾಯುತ್ತ ಕೂರುತ್ತದೆ. ಆ ಕಾಯುವಿಕೆಯಲ್ಲೇ ಶಿಲೀಂಧ್ರ ಅದನ್ನು ತಿಂದು ಮುಗಿಸುತ್ತದೆ.

ಬದನೆ ಮತ್ತು ಮೆಣಸಿನ ಗಿಡಗಳು ನಿಂತುಬಿಟ್ಟದ್ದಕ್ಕೂ ಇದೇ ಕಾರಣ. ಬೆಚ್ಚನೆಯ ಪ್ರದೇಶದ ಸಸ್ಯಗಳಿಗೆ ಹಾನಿಯಾಗಲು ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯೇ ಬರಬೇಕೆಂದಿಲ್ಲ. ಸುಮಾರು 10ರಿಂದ 12 ಡಿಗ್ರಿಗಿಂತ ಕೆಳಗಿಳಿದರೆ ಅವುಗಳ ಜೀವಕೋಶಗಳ ಪೊರೆ ಬಿಗಿದುಕೊಂಡು, ಬೇರು ನೀರನ್ನೂ ಪೋಷಕಾಂಶಗಳನ್ನೂ ಸರಿಯಾಗಿ ಹೀರಲಾರದು. ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡಿದಂತೆ ಕಾಣುತ್ತದೆ. ರಂಜಕ ಸಿಗದೆ ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿ ನಾವು ಕನಿಕರದಿಂದ ಇನ್ನಷ್ಟು ನೀರು ಹಾಕುತ್ತೇವೆ, ನೀರು ಮಣ್ಣನ್ನು ಮತ್ತಷ್ಟು ತಣ್ಣಗಾಗಿಸುತ್ತದೆ. ಆಗ ಮಾಡಬೇಕಾದದ್ದು ನೀರು ನಿಲ್ಲಿಸಿ, ರಾತ್ರಿ ಹೊದಿಕೆ ಹಾಕುವುದು.

ಆದ್ದರಿಂದ ಮೊದಲು ಕೊಳ್ಳಬೇಕಾದ ಉಪಕರಣ ಗುದ್ದಲಿಯಲ್ಲ, ಮಣ್ಣಿಗೆ ಚುಚ್ಚುವ ಉಷ್ಣಮಾಪಕ. ಅದನ್ನು ಬೆಳಗಿನ ಹೊತ್ತು ಪಾತಿಯಲ್ಲಿ ಚುಚ್ಚಿ ನೋಡಿ. ಸತತ ನಾಲ್ಕು ದಿನ 18 ಡಿಗ್ರಿ ತೋರಿಸಿದ ಮೇಲಷ್ಟೇ ಬೆಂಡೆಯನ್ನು ಹೊರಗೆ ನೆಡಿ. ಈ ದಿನವನ್ನು ಬೇಗ ಬರಮಾಡಿಕೊಳ್ಳಲು ಉಪಾಯಗಳಿವೆ. ನೆಲಮಟ್ಟದಿಂದ 20–30 ಸೆಂಟಿಮೀಟರ್ ಎತ್ತರಿಸಿದ ಮಡಿಯಲ್ಲಿ ನೀರು ಬಸಿದುಹೋಗುವುದರಿಂದ ಅದು ಬೇಗ ಕಾಯುತ್ತದೆ. ನಾಟಿಗೆ ಎರಡು ಮೂರು ವಾರ ಮೊದಲೇ ಮಡಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟಿಕೊಳ್ಳುವಂತೆ ಬಿಗಿದು ಹಾಸಿದರೆ ಇನ್ನೂ ಕೆಲವು ಡಿಗ್ರಿ ಏರುತ್ತದೆ. ಉತ್ತರ ಗೋಳಾರ್ಧದಲ್ಲಿರುವವರು ದಕ್ಷಿಣಕ್ಕೆ ಮುಖಮಾಡಿದ ಇಟ್ಟಿಗೆ ಗೋಡೆಯ ಬುಡವನ್ನು ಆರಿಸಿಕೊಳ್ಳಬೇಕು. ಹಗಲೆಲ್ಲ ಕುಡಿದ ಬಿಸಿಲನ್ನು ಆ ಗೋಡೆ ರಾತ್ರಿ ಗಿಡಕ್ಕೆ ಹಿಂದಿರುಗಿಸುತ್ತದೆ.

ಕುಂಡದ ಮಣ್ಣು ನೆಲಕ್ಕಿಂತ ಬೇಗ ಕಾಯುತ್ತದೆ, ಕುಂಡವನ್ನು ಬಿಸಿಲಿನ ಹಿಂದೆ ಸಾಗಿಸಲೂಬಹುದು. ಈ ಯುಕ್ತಿ ಬಹಳ ಹಳೆಯದು. ರೋಮನ್ ಚಕ್ರವರ್ತಿ ಟೈಬೀರಿಯಸ್‌ನಿಗೆ ಸೌತೆಯ ಜಾತಿಯ ಒಂದು ಕಾಯಿ ದಿನವೂ ಬೇಕಾಗಿತ್ತೆಂದೂ, ಅದಕ್ಕಾಗಿ ತೋಟಗಾರರು ಮಡಿಗಳಿಗೆ ಚಕ್ರ ಕಟ್ಟಿ ಬಿಸಿಲಿಗೆ ತಳ್ಳುತ್ತಿದ್ದರೆಂದೂ, ಚಳಿಯ ದಿನಗಳಲ್ಲಿ ಬೆಳಕು ಹಾಯುವ ಕಲ್ಲಿನ ತೆಳು ಹಲಗೆಗಳನ್ನು ಮುಚ್ಚುತ್ತಿದ್ದರೆಂದೂ 1ನೇ ಶತಮಾನದ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ನನ್ನ ಮೆಣಸಿನ ಕುಂಡಗಳೂ ಚಕ್ರದ ಹಲಗೆಗಳ ಮೇಲೆಯೇ ಇವೆ.

ಬದನೆ, ಮೆಣಸಿನ ಸಸಿಗಳನ್ನು ನಾಟಿಯ ದಿನಕ್ಕೆ ಎಂಟರಿಂದ ಹತ್ತು ವಾರ ಮುಂಚೆ ಮನೆಯೊಳಗೆ ಎಬ್ಬಿಸಬೇಕು. ಬೆಂಡೆಗೆ ಮೂರು ನಾಲ್ಕು ವಾರ ಸಾಕು. ಅದರ ತಾಯಿಬೇರು ನೇರವಾಗಿ ಇಳಿಯುವಂಥದ್ದು, ಕದಲಿಸಿದರೆ ಮುನಿಸಿಕೊಳ್ಳುತ್ತದೆ. ಕಾಗದದ ಲೋಟದಲ್ಲಿ ಬಿತ್ತಿ, ತಳವನ್ನು ಹರಿದು, ಮಣ್ಣಿನ ಮುದ್ದೆ ಒಡೆಯದಂತೆ ಹಾಗೆಯೇ ಇಳಿಸಿ. ಹದಿನೈದು ದಿನ ತಡವಾಗಿ, ಆದರೆ ಬೆಚ್ಚನೆಯ ಮಣ್ಣಿಗೆ ಇಳಿಸಿದ ಬೆಂಡೆ, ಅವಸರದಿಂದ ನೆಟ್ಟ ಬೆಂಡೆಯನ್ನು ಒಂದೇ ತಿಂಗಳಿನಲ್ಲಿ ದಾಟಿ ಬೆಳೆದದ್ದನ್ನು ನಾನು ಒಂದೇ ಮಡಿಯಲ್ಲಿ ನೋಡಿದ್ದೇನೆ.

ಪ್ರಶ್ನೆ: ಮಾರ್ಚ್‌ನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಬಿತ್ತಿದ ಟೊಮೆಟೊ ಮತ್ತು ಬದನೆಯ ಸಸಿಗಳು ದಾರದಂತೆ ಉದ್ದವಾಗಿ ಬೆಳೆದು ಮಲಗಿಬಿಟ್ಟವು. ಉಳಿದವುಗಳನ್ನು ಒಳ್ಳೆಯ ಬಿಸಿಲಿನ ದಿನ ಹೊರಗಿಟ್ಟರೆ ಎಲೆಗಳು ಬಿಳಿಚಿಕೊಂಡು ಒಣಗಿದವು.

ಉತ್ತರ: ಮೊದಲನೆಯದು ಬೆಳಕಿನ ಕೊರತೆ, ಎರಡನೆಯದು ಬೆಳಕಿನ ಆಘಾತ. ನಮ್ಮ ಕಣ್ಣಿಗೆ ಕಿಟಕಿ ಬೆಳಗಿದಂತೆ ಕಂಡರೂ, ವಸಂತದ ಆರಂಭದಲ್ಲಿ ಒಂದೇ ದಿಕ್ಕಿನಿಂದ ಗಾಜಿನ ಮೂಲಕ ಬರುವ ಬೆಳಕು ಸಸಿಗೆ ಸಾಲುವುದಿಲ್ಲ. ಜೊತೆಗೆ ಕೋಣೆ ಬೆಚ್ಚಗಿದ್ದರೆ ಸಸಿ ಬೆಳಕನ್ನು ಹುಡುಕುತ್ತ ಕಾಂಡವನ್ನಷ್ಟೇ ಉದ್ದ ಮಾಡುತ್ತದೆ. ಬೆಳಕು ಹೆಚ್ಚಿಸಲಾಗದಿದ್ದರೆ, ಮೊಳೆತ ಮೇಲೆ ಬಿಸುಪನ್ನಾದರೂ 18–20 ಡಿಗ್ರಿಗೆ ಇಳಿಸಬೇಕು. ಉತ್ತಮ ದಾರಿ ಎಂದರೆ, ಬಿಳಿ ಎಲ್‌ಇಡಿ ದೀಪವನ್ನು ಸಸಿಗಳ ತುದಿಯಿಂದ ಒಂದು ಗೇಣಿನಷ್ಟು ಮೇಲೆ ಕಟ್ಟಿ, ಟೈಮರ್ ಇಟ್ಟು ದಿನಕ್ಕೆ 14ರಿಂದ 16 ಗಂಟೆ ಉರಿಸುವುದು. ಸಸಿ ಬೆಳೆದಂತೆ ದೀಪವನ್ನೂ ಏರಿಸಬೇಕು. ದಿನಕ್ಕೆರಡು ಬಾರಿ ಅಂಗೈಯಿಂದ ಸಸಿಗಳ ತುದಿಯನ್ನು ಮೃದುವಾಗಿ ನೇವರಿಸಿದರೆ, ಗಾಳಿಗೆ ತೊನೆದ ಗಿಡದಂತೆ ಕಾಂಡ ಕುಳ್ಳಾಗಿ ಗಟ್ಟಿಯಾಗುತ್ತದೆ. ಟೊಮೆಟೊ ಉದ್ದವಾಗಿದ್ದರೆ ಕಾಂಡವನ್ನು ಎಲೆಯವರೆಗೆ ಹೂಳಿ, ಹೂತ ಭಾಗದಲ್ಲೆಲ್ಲ ಬೇರು ಬರುತ್ತದೆ. ಬದನೆಗೆ ಆ ಅನುಕೂಲ ಅಷ್ಟಾಗಿ ಇಲ್ಲ. ಅದನ್ನು ಮತ್ತೆ ಬಿತ್ತುವುದೇ ಮೇಲು.

ಹೊರಗೆ ಇಡುವುದನ್ನು ಏಳರಿಂದ ಹತ್ತು ದಿನಗಳ ಕೆಲಸವೆಂದು ತಿಳಿಯಿರಿ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಹೆಚ್ಚಿಸುತ್ತ ಬಂದು ಕೊನೆಗೆ ಪೂರ್ಣ ಬಿಸಿಲು ಮತ್ತು ರಾತ್ರಿ.

ಪ್ರಶ್ನೆ: ಅವರೆಬಳ್ಳಿ ಚಪ್ಪರವನ್ನೇ ಮುಚ್ಚುವಷ್ಟು ಸೊಂಪಾಗಿ ಬೆಳೆದಿದೆ. ಜುಲೈ, ಆಗಸ್ಟ್ ಕಳೆದರೂ ಒಂದು ಹೂವೂ ಇಲ್ಲ. ಸೆಪ್ಟೆಂಬರ್ ಕೊನೆಗೆ ಮೊಗ್ಗು ಬಂತು, ಅಕ್ಟೋಬರ್‌ನ ಮೊದಲ ಹೆಪ್ಪುಗಟ್ಟುವ ರಾತ್ರಿಗೆ ಬಳ್ಳಿ ಸತ್ತಿತು. ತೊಗರಿಯೂ ಹೀಗೆಯೇ ಆಯಿತು. ಗೊಬ್ಬರ ಹೆಚ್ಚಾಯಿತೇ?

ಉತ್ತರ: ಸಾರಜನಕದ ಗೊಬ್ಬರ ಅತಿಯಾದರೆ ಎಲೆ ಹೆಚ್ಚಿ ಹೂ ಕಡಿಮೆಯಾಗುವುದು ನಿಜ. ಆದರೆ ನೀವು ಬರೆದಿರುವ ತಿಂಗಳುಗಳೇ ಬೇರೆ ಕಾರಣವನ್ನು ಹೇಳುತ್ತಿವೆ. ನಿಮ್ಮ ಅವರೆ ರಾತ್ರಿಗಾಗಿ ಕಾಯುತ್ತಿತ್ತು.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂಬಿಡದ ಒಂದು ತಂಬಾಕಿನ ತಳಿಯೂ, ಬೇರೆ ಬೇರೆ ದಿನಗಳಲ್ಲಿ ಬಿತ್ತಿದರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಹೂಬಿಡುತ್ತಿದ್ದ ಸೋಯಾ ಅವರೆಯೂ ಅವರನ್ನು ಯೋಚನೆಗೆ ಹಚ್ಚಿದ್ದವು. ಗಿಡಗಳನ್ನು ದಿನದ ಕೆಲವು ಗಂಟೆ ಕತ್ತಲೆಯಲ್ಲಿಟ್ಟು ನೋಡಿದಾಗ, ಹೂಬಿಡುವ ಹೊತ್ತನ್ನು ನಿರ್ಧರಿಸುವುದು ಹಗಲಿನ ಉದ್ದ ಎಂಬುದು ಸ್ಪಷ್ಟವಾಯಿತು. ಮುಂದೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು, ಇಂಥ ಗಿಡಗಳು ವಾಸ್ತವವಾಗಿ ಅಳೆಯುವುದು ಕಡಿಯದೆ ಸಾಗುವ ಕತ್ತಲೆಯನ್ನು ಎಂದು ತೋರಿಸಿದರು; ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಆ ರಾತ್ರಿ ಗಿಡದ ಲೆಕ್ಕಕ್ಕೆ ಬರುವುದಿಲ್ಲ.

ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡುಗಳಲ್ಲಿ ಹಗಲು ವರ್ಷವಿಡೀ 12 ಗಂಟೆಯ ಆಸುಪಾಸಿನಲ್ಲೇ ಇರುತ್ತದೆ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು 16 ಗಂಟೆ ಮೀರುತ್ತದೆ. 60 ಡಿಗ್ರಿಯಲ್ಲಿ ಅದು 18 ಗಂಟೆಯನ್ನೂ ದಾಟುತ್ತದೆ. ಹಗಲು ಕುಗ್ಗಿದಾಗ ಹೂಬಿಡುವ ಸಾಂಪ್ರದಾಯಿಕ ಅವರೆ ಮತ್ತು ತೊಗರಿಯ ತಳಿಗಳು ಅಲ್ಲಿನ ಬೇಸಿಗೆಯಲ್ಲಿ ಎಲೆ ಬಿಡುತ್ತಲೇ ಹೋಗುತ್ತವೆ. ರಾತ್ರಿ ಸಾಕಷ್ಟು ಉದ್ದವಾಗುವ ಹೊತ್ತಿಗೆ ಚಳಿ ಬಾಗಿಲಲ್ಲಿ ನಿಂತಿರುತ್ತದೆ.

ಸುಲಭವಾದ ಪರಿಹಾರ ತಳಿಯನ್ನು ಬದಲಿಸುವುದು. ಹಗಲಿನ ಉದ್ದಕ್ಕೆ ಓಗೊಡದ, ಎಲ್ಲ ಕಾಲದಲ್ಲೂ ಕಾಯಿಬಿಡುವ ಗಿಡ್ಡ ಅವರೆಯ ತಳಿಗಳಿವೆ. ಬೀಜ ಕೊಳ್ಳುವಾಗ ಅದನ್ನೇ ಸ್ಪಷ್ಟವಾಗಿ ಕೇಳಿ ಪಡೆಯಿರಿ. ಹಳೆಯ ಸೊಗಡಿನ ಅವರೆಯೇ ಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ, ಆದರೆ ಅದು ಶ್ರಮದ್ದು. ಬೀಜವನ್ನು ದೊಡ್ಡ ಕುಂಡದಲ್ಲಿ ಬಿತ್ತಿ, ಕುಡಿ ಚಿವುಟಿ ಬಳ್ಳಿಯನ್ನು ಗಿಡ್ಡವಾಗಿಟ್ಟುಕೊಂಡು, ಜೂನ್ ಕೊನೆಯಿಂದ ಪ್ರತಿ ಸಂಜೆ ಆರು ಗಂಟೆಗೆ ಬೆಳಕು ನುಸುಳದ ಕಪ್ಪು ಬಟ್ಟೆ ಅಥವಾ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮುಚ್ಚಿ, ಬೆಳಗ್ಗೆ ಎಂಟಕ್ಕೆ ತೆಗೆಯಬೇಕು. ಮೊಗ್ಗು ಕಾಣುವವರೆಗೆ ಒಂದು ದಿನವೂ ತಪ್ಪಬಾರದು. ಬೀದಿದೀಪದ ಬೆಳಕೂ ಒಳಗೆ ಬೀಳಬಾರದು. ಎರಡು ಕುಂಡಗಳಿಗೆ ಇದು ಸಾಧ್ಯ, ಚಪ್ಪರಕ್ಕೆ ಸಾಧ್ಯವಿಲ್ಲ.

ಪ್ರಶ್ನೆ: ಹಸಿರುಮನೆಯಲ್ಲಿ ಹೀರೆ, ಸೋರೆ, ಹಾಗಲ ಮೂರೂ ಹೂಬಿಟ್ಟಿವೆ. ಆದರೆ ಬೆರಳುದ್ದದ ಹೀಚುಗಳು ಹಳದಿಯಾಗಿ ಉದುರುತ್ತಿವೆ.

ಉತ್ತರ: ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲ ಎರಡು ಮೂರು ವಾರ ಸಾಮಾನ್ಯವಾಗಿ ಗಂಡು ಹೂಗಳೇ ಬರುತ್ತವೆ, ಅವು ಉದುರಿದರೆ ಚಿಂತೆ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲಿನಿಂದಲೇ ಇರುತ್ತದೆ. ಪರಾಗ ಸಿಗದಿದ್ದರೆ ಆ ಹೀಚೇ ಹಳದಿಯಾಗಿ ಬೀಳುವುದು. ನಿಮ್ಮ ಹಸಿರುಮನೆಯ ಗಾಜು ಚಳಿಯನ್ನು ತಡೆದಿದೆ, ಜೇನುನೊಣವನ್ನೂ ತಡೆದಿದೆ. ಆ ಕೆಲಸವನ್ನು ನೀವೇ ಮಾಡಬೇಕು.

ಇದರಲ್ಲಿ ಹೊತ್ತು ಬಹಳ ಮುಖ್ಯ, ಅನೇಕರು ಎಡವುವುದೂ ಇಲ್ಲೇ. ಹಾಗಲದ ಹೂ ಬೆಳಗ್ಗೆ ಅರಳುತ್ತದೆ. ಹೀರೆಯ ಹಳದಿ ಹೂವೂ ಸೋರೆಯ ಬಿಳಿ ಹೂವೂ ಅರಳುವುದು ಸಂಜೆ. ಬೆಳಗ್ಗೆ ಹತ್ತಕ್ಕೆ ಕುಂಚ ಹಿಡಿದು ಹೋದವರಿಗೆ ಸಿಗುವುದು ಮುದುಡಿದ ಸೋರೆಹೂ. ಕತ್ತಲಾಗುವ ಮೊದಲು ಹೋಗಿ ನೋಡಿ: ಸೋರೆಯ ಐದು ಎಸಳುಗಳು ತೆಳುವಾದ ಬಿಳಿ ಬಟ್ಟೆಯಂತೆ ಹರಡಿಕೊಂಡಿರುತ್ತವೆ. ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿದರೆ ನಡುವಿನ ಕೇಸರಗಳು ಹೊರಗೆ ನಿಲ್ಲುತ್ತವೆ. ಬೆರಳಿನಿಂದ ಮುಟ್ಟಿದಾಗ ಹಳದಿ ಪುಡಿ ಅಂಟಿದರೆ ಪರಾಗ ಹದವಾಗಿದೆ. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಶಲಾಕಾಗ್ರದ ಎಲ್ಲ ಭಾಗಗಳಿಗೂ ತಾಗುವಂತೆ ಮೂರು ನಾಲ್ಕು ಬಾರಿ ಮೆಲ್ಲಗೆ ಸವರಿ. ಒಂದೇ ಪಕ್ಕಕ್ಕೆ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ಸೇರಿದ ಹೂವಿಗೆ ಒಂದು ದಾರ ಕಟ್ಟಿಡಿ. ಮೂರು ನಾಲ್ಕು ದಿನಗಳಲ್ಲಿ ಹೀಚು ಹೊಳಪೇರಿ ದಪ್ಪವಾಗತೊಡಗಿದರೆ ಕಾಯಿ ಕಚ್ಚಿತೆಂದು ಅರ್ಥ.

ಪ್ರಶ್ನೆ: ಕುಂಡದ ಕರಿಬೇವನ್ನು ಅಕ್ಟೋಬರ್‌ನಲ್ಲಿ ಒಳಗೆ ತಂದೆ. ಒಂದೇ ತಿಂಗಳಲ್ಲಿ ಎಲೆಯೆಲ್ಲ ಉದುರಿತು. ದಿನವೂ ನೀರು ಹಾಕುತ್ತಿದ್ದೇನೆ, ಗೊಬ್ಬರವನ್ನೂ ಕೊಟ್ಟೆ. ಗಿಡ ಸತ್ತಿದೆಯೇ?

ಉತ್ತರ: ಇಂದೇ ನೀರನ್ನೂ ಗೊಬ್ಬರವನ್ನೂ ನಿಲ್ಲಿಸಿ. ಬಳಿಕ ಕಾಂಡದ ತೊಗಟೆಯನ್ನು ಉಗುರಿನಿಂದ ಎಳ್ಳಿನಷ್ಟು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಗಿಡಕ್ಕೆ ಜೀವವಿದೆ. ತುದಿ ಒಣಗಿದ್ದರೆ ಕೆಳಗೆ ಕೆಳಗೆ ಕೆರೆಯುತ್ತ ಬನ್ನಿ. ಬುಡದ ಬಳಿ ಹಸಿರಿದ್ದರೂ ಸಾಕು.

ಬೆಳಕು ಕುಗ್ಗಿ, ರಾತ್ರಿಗಳು ಹತ್ತು ಹನ್ನೆರಡು ಡಿಗ್ರಿಗೆ ಇಳಿದಾಗ ಕರಿಬೇವು ಎಲೆ ಉದುರಿಸಿ ವಿಶ್ರಾಂತಿಗೆ ಹೋಗುತ್ತದೆ. ಎಲೆಯಿಲ್ಲದ ಗಿಡ ನೀರನ್ನು ಹೊರಬಿಡುವುದಿಲ್ಲ, ಹಾಗಾಗಿ ಕುಡಿಯುವುದೂ ಇಲ್ಲ. ನೀವು ಹಾಕಿದ ನೀರು ಬೇರಿನ ಸುತ್ತ ನಿಂತು ಕೊಳೆಸುತ್ತದೆ. ಚಳಿಗಾಲದಲ್ಲಿ ಸತ್ತ ಕರಿಬೇವುಗಳಲ್ಲಿ ಹೆಚ್ಚಿನವು ಚಳಿಯಿಂದ ಸತ್ತವಲ್ಲ, ಪ್ರೀತಿಯಿಂದ ಹಾಕಿದ ನೀರಿನಿಂದ ಸತ್ತವು ಎಂಬುದು ನನ್ನ ಅನುಭವ. ನನ್ನ ಮೊದಲ ಎರಡು ಗಿಡಗಳೂ ಹಾಗೆಯೇ ಹೋದವು, ಆ ನೋವು ಇಂದಿಗೂ ನೆನಪಿದೆ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಅಲ್ಲಿ ಒಣಗಿದ್ದರೆ ಮಾತ್ರ ಸ್ವಲ್ಪ ಉಗುರುಬೆಚ್ಚನೆಯ ನೀರು ಕೊಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ, ಕುಂಡ ಬದಲಿಸುವುದೂ ಬೇಡ.

ಮುಂದಿನ ವರ್ಷ ರಾತ್ರಿಯ ಉಷ್ಣಾಂಶ 12 ಡಿಗ್ರಿಗೆ ಇಳಿಯುವ ಮೊದಲೇ ಗಿಡವನ್ನು ಒಳಗೆ ತನ್ನಿ. ತರುವ ದಿನ ಎಲೆಗಳ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಮನೆ ಕಾಯಿಸುವ ಯಂತ್ರದ ಒಣ ಗಾಳಿಯಲ್ಲಿ ಜೇಡನುಸಿ ಎಂಬ, ಎಲೆಯ ರಸ ಹೀರುವ ಅತಿ ಸಣ್ಣ ಜೀವಿ ಬಹುಬೇಗ ಹೆಚ್ಚುತ್ತದೆ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಬಿಳಿ ಚುಕ್ಕೆಗಳೂ ಎಲೆಗಳ ನಡುವೆ ನವಿರಾದ ಬಲೆಯೂ ಕಂಡರೆ ಅದೇ. ವಾರಕ್ಕೊಮ್ಮೆ ತೊಳೆಯುವುದರಿಂದ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರು ಮಣ್ಣಿನಲ್ಲಿರುವ ಕಬ್ಬಿಣವನ್ನು ಬೇರಿಗೆ ಸಿಗದಂತೆ ಮಾಡುತ್ತದೆ. ಮಳೆನೀರು ಹಿಡಿದು ಹಾಕಿ, ಬೇಸಿಗೆಯಲ್ಲಿ ಕೀಲೇಟ್ ರೂಪದ (ಬೇರು ಹೀರಬಲ್ಲಂತೆ ಸಿದ್ಧಪಡಿಸಿದ) ಕಬ್ಬಿಣವನ್ನು ಪೊಟ್ಟಣದ ಮೇಲಿನ ಅಳತೆಯಂತೆ ಕೊಡಿ.

ಪ್ರಶ್ನೆ: ತಿಂದ ಮಾವಿನ ಗೊರಟೆ ಮೊಳೆತು ಈಗ ಮೊಣಕಾಲೆತ್ತರದ ಗಿಡವಾಗಿದೆ. ಹಣ್ಣು ಬಿಡುತ್ತದೆಯೇ?

ಉತ್ತರ: ಮನೆಯ ಕೋಣೆಯಲ್ಲಿ ಬಿಡುವುದಿಲ್ಲವೆಂದೇ ತಿಳಿಯುವುದು ಒಳ್ಳೆಯದು. ಗೊರಟೆಯಿಂದ ಬಂದ ಗಿಡಕ್ಕೆ ಬೆಚ್ಚನೆಯ ನಾಡಿನಲ್ಲೇ ಐದಾರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಹೂಬಿಡಲು ಮಾವಿಗೆ ತುಸು ತಂಪು ಬೇಕಾದರೂ, ಕಾಯಿ ಕಟ್ಟಿ ಮಾಗುವ ಮುಂದಿನ ಮೂರರಿಂದ ಐದು ತಿಂಗಳು ಬಿಸುಪೂ ಪ್ರಖರ ಬೆಳಕೂ ಬೇಕು. ಕಾಯಿಸಿದ ದೊಡ್ಡ ಹಸಿರುಮನೆಯಿಲ್ಲದೆ ಇದು ಆಗದು. ಅದರ ತಾಮ್ರವರ್ಣದ ಚಿಗುರಿನ ಚೆಲುವಿಗಾಗಿ ಖಂಡಿತ ಇಟ್ಟುಕೊಳ್ಳಿ. ಹಣ್ಣೇ ಬೇಕಿದ್ದರೆ ಕುಂಡದಲ್ಲಿ ಕಸಿ ಮಾಡಿದ ನಿಂಬೆ ಮತ್ತು ಸೀಬೆಯನ್ನು ಪ್ರಯತ್ನಿಸಿ, ಚಳಿಗಾಲದಲ್ಲಿ ಒಳಗೆ ತನ್ನಿ. ಅಂಜೂರವಂತೂ ಎಲೆ ಉದುರಿಸಿ ಮಲಗಬಲ್ಲ ಮರ; ಚಳಿ ಅತಿ ಕಠಿಣವಲ್ಲದ ಕಡೆ ಗೋಡೆಯ ಆಸರೆಯಲ್ಲಿ ಹೊರಗೇ ಉಳಿಯುತ್ತದೆ.

ಪ್ರಶ್ನೆ: ತವರಿಗೆ ಹೋದಾಗ ಬೀಜ, ಕರಿಬೇವಿನ ಸಸಿ ಮತ್ತು ಗೆಡ್ಡೆಗಳನ್ನು ಚೀಲದಲ್ಲಿ ತರಬಹುದೇ?

ಉತ್ತರ: ಕದ್ದು ತರಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸಸ್ಯರೋಗಗಳು ಗಡಿ ದಾಟದಂತೆ ತಡೆಯಲು 1951ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದವಾಯಿತು. ಅದರಂತೆ ರಫ್ತು ಮಾಡುವ ದೇಶದ ಅಧಿಕಾರಿಗಳು ಪರೀಕ್ಷಿಸಿ ‘ಸಸ್ಯ ಆರೋಗ್ಯ ಪ್ರಮಾಣಪತ್ರ’ ಕೊಡುತ್ತಾರೆ. ಐರೋಪ್ಯ ಒಕ್ಕೂಟವು 2019ರ ಡಿಸೆಂಬರ್‌ನಿಂದ ಪ್ರಯಾಣಿಕರು ಹೊರಗಿನಿಂದ ತರುವ ಬಿತ್ತನೆ ಬೀಜ ಮತ್ತು ಗಿಡಗಳಿಗೂ ಈ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದೆ. ಕರಿಬೇವಿನ ವಿಷಯ ಇನ್ನೂ ಸೂಕ್ಷ್ಮ. ನಿಂಬೆ, ಕಿತ್ತಳೆ ತೋಟಗಳನ್ನು ನಾಶಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಒಂದು ಕಡ್ಡಿಯಲ್ಲಿ ಅಂಟಿ ಬಂದ ಮೊಟ್ಟೆ ಸಾಕು. ನೀವಿರುವ ದೇಶದಲ್ಲೇ ಬೆಳೆಸಿದ ಸಸಿಯನ್ನು, ಅಲ್ಲಿಯೇ ಮಾರುವ ಬೀಜವನ್ನು ಕೊಳ್ಳಿ. ಅಲ್ಲಿ ಒಂದೆರಡು ತಲೆಮಾರು ಕಂಡ ಬೀಜ ಆ ಹವೆಗೆ ಹೊಂದಿಕೊಂಡಿರುವ ಸಾಧ್ಯತೆಯೂ ಹೆಚ್ಚು.

ಪ್ರಶ್ನೆ: ಬೇಸಿಗೆ ನಾಲ್ಕೇ ತಿಂಗಳು. ಶುಂಠಿ, ಅರಿಶಿನ ಬೆಳೆಯಲು ಸಾಧ್ಯವೇ?

ಉತ್ತರ: ಸಾಧ್ಯ. ಇವು ಪೂರ್ತಿ ಬಲಿಯಲು ಎಂಟರಿಂದ ಹತ್ತು ತಿಂಗಳು ಬೇಕಾದ್ದರಿಂದ, ಆ ಕಾಲದ ಎರಡೂ ತುದಿಗಳನ್ನು ಮನೆಯೊಳಗೆ ಕಳೆಯಬೇಕು. ಉತ್ತರ ಗೋಳಾರ್ಧದಲ್ಲಾದರೆ ಫೆಬ್ರವರಿಯಲ್ಲಿ ಉಬ್ಬಿದ ಕಣ್ಣುಗಳಿರುವ ಗೆಡ್ಡೆಯನ್ನು ಆರಿಸಿ, ಎರಡು ಮೂರು ಕಣ್ಣುಗಳಿರುವಂತೆ ತುಂಡು ಮಾಡಿ, ಕತ್ತರಿಸಿದ ಭಾಗ ಒಣಗಲು ಎರಡು ದಿನ ಬಿಡಿ. ಬಳಿಕ ತುಸುವೇ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಹೂತು 25 ಡಿಗ್ರಿಯ ಬಿಸುಪಿನಲ್ಲಿಡಿ. ಮೊಳಕೆಗೆ ಮೂರರಿಂದ ಆರು ವಾರ ಹಿಡಿಯಬಹುದು. ಆ ಹೊತ್ತಿನಲ್ಲಿ ಅಗೆದು ನೋಡುವ ಆಸೆಯನ್ನು ತಡೆಯಿರಿ. ಆಳಕ್ಕಿಂತ ಅಗಲ ಹೆಚ್ಚಿರುವ ಕುಂಡಕ್ಕೆ ನೆಟ್ಟು, ರಾತ್ರಿಗಳು 13 ಡಿಗ್ರಿ ದಾಟಿದ ಮೇಲೆ ಹೊರಗೆ, ಕಡು ಗಾಳಿಯಿಲ್ಲದ ಕಡೆ ಇಡಿ. ಶರತ್ಕಾಲದಲ್ಲಿ ಮತ್ತೆ ಒಳಗೆ ತಂದು, ಎಲೆಗಳು ತಾವಾಗಿಯೇ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಮೂರು ವಾರ ಬಿಟ್ಟು ಕಿತ್ತರೆ ಗೆಡ್ಡೆ ಸಿಗುತ್ತದೆ. ಶುಂಠಿಯನ್ನು ಅಷ್ಟು ಕಾಯದೆ, ಐದಾರು ತಿಂಗಳಿಗೇ, ಸಿಪ್ಪೆ ಬಲಿಯದ ಎಳೆಯದಾಗಿ ಕೀಳಬಹುದು. ಆಗ ಅದರ ಮೈ ಕೆನೆಬಣ್ಣಕ್ಕಿದ್ದು, ಕಾಂಡ ಸೇರುವ ಕಡೆ ನಸುಗೆಂಪಾಗಿರುತ್ತದೆ, ಒಳಗೆ ನಾರಿರುವುದಿಲ್ಲ. ಮುಂದಿನ ಬಿತ್ತನೆಗೆ ಬಲಿತ ಒಂದು ಗೆಡ್ಡೆಯನ್ನು 13 ಡಿಗ್ರಿಗಿಂತ ತಣ್ಣಗಾಗದ ಒಣ ಜಾಗದಲ್ಲಿ ಎತ್ತಿಡಿ, ಫ್ರಿಜ್‌ನಲ್ಲಿ ಇಡಬೇಡಿ.